ಒಂದೇ ಲಾಗ್‌ನಲ್ಲಿ ಹತ್ತು ಗ್ರಾಹಕರು: ಬೇರ್ಪಡಿಸುವುದು ಹೇಗೆ?

ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಒಬ್ಬ ಗ್ರಾಹಕರಿಗೆ ಬಿಲ್ ಎರಡು ಸಲ ಹೋಗಿದೆ. ಪ್ರೋಗ್ರಾಂ ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಫೈಲ್, ಅಂದರೆ ಲಾಗ್ ತೆರೆದರೆ ಹತ್ತು ಗ್ರಾಹಕರ ಸಾಲುಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಯಾವುದು ಯಾರದು? ಔಟರ್ ರಿಂಗ್ ರೋಡಿನ ಆಫೀಸುಗಳಲ್ಲಿ ಜಾವಾ ಕೆಲಸ ಮಾಡುವವರಿಗೆ ಇಂಥ ರಾತ್ರಿ ಹೊಸದಲ್ಲ.

ಇದಕ್ಕೆ ದಾರಿ ಅಂಚೆಯವರ ಕೈಯಲ್ಲೇ ಇದೆ. ಕವರ್ ಮೇಲೆ 560003 ಎಂದಿದ್ದರೆ ಮಲ್ಲೇಶ್ವರದ ಗೂಡಿಗೆ, 560004 ಎಂದಿದ್ದರೆ ಬಸವನಗುಡಿಯದಕ್ಕೆ. ಒಳಗಿನ ಕಾಗದ ಯಾರೂ ಓದುವುದಿಲ್ಲ. ಲಾಗ್‌ನ ಪ್ರತಿ ಸಾಲಿಗೂ ಹೀಗೊಂದು ಪಿನ್‌ಕೋಡ್ ಬೇಕು. ಜಾವಾದಲ್ಲಿ ಅದರ ಹೆಸರು ಎಂಡಿಸಿ: ಮ್ಯಾಪ್ಡ್ ಡಯಾಗ್ನಾಸ್ಟಿಕ್ ಕಾಂಟೆಕ್ಸ್ಟ್. ಲಾಗ್ ಬರೆಯುವ ಲೈಬ್ರರಿಗಳಲ್ಲೊಂದಾದ ಲಾಗ್‌ಫೋರ್‌ಜೆ 2ರಲ್ಲಿ ಇದನ್ನೇ ಥ್ರೆಡ್‌ಕಾಂಟೆಕ್ಸ್ಟ್ ಎನ್ನುತ್ತಾರೆ.

ಮೊದಲು, ಗುರುತು ಹಾಕುವುದು ಬಾಗಿಲಲ್ಲೇ ಆಗಲಿ. ಒಂದು ಸರ್ವ್‌ಲೆಟ್ ಫಿಲ್ಟರ್, ಅಂದರೆ ಪ್ರತಿ ರಿಕ್ವೆಸ್ಟ್ ಒಳಬರುವಾಗ ಓಡುವ ಪ್ರೋಗ್ರಾಂ ತುಣುಕು, ಬರೆಯಿರಿ. ಲಾಗಿನ್ ಪರೀಕ್ಷೆ ಮುಗಿದ ಮೇಲೆ ಗ್ರಾಹಕರ ಕೋಡ್ ಮತ್ತು ರಿಕ್ವೆಸ್ಟ್ ನಂಬರ್ ಎರಡನ್ನೂ ಎಂಡಿಸಿಗೆ ಹಾಕಿ. ಹೊರಗಿನಿಂದ ಬಂದ ಹೆಡರ್ ಅನ್ನು ನಂಬಿ ಕೋಡ್ ತೆಗೆದುಕೊಳ್ಳಬೇಡಿ.

ಆಮೇಲೆ ಲಾಗ್ ಪ್ಯಾಟರ್ನ್, ಅಂದರೆ ಪ್ರತಿ ಸಾಲು ಹೇಗೆ ಕಾಣಬೇಕೆಂಬ ನಮೂನೆ. ಶೇಕಡಾ ಗುರುತು, ದೊಡ್ಡ ಎಕ್ಸ್, ಕರ್ಲಿ ಬ್ರ್ಯಾಕೆಟ್‌ನೊಳಗೆ ಎಂಡಿಸಿಗೆ ಹಾಕುವಾಗ ಕೊಟ್ಟ ಕೀ ಹೆಸರು. ಅಷ್ಟೇ. ಈಗ ಗ್ರೆಪ್ ಎಂಬ ಹುಡುಕುವ ಕಮ್ಯಾಂಡ್‌ಗೆ ಗ್ರಾಹಕರ ಕೋಡ್ ಕೊಟ್ಟರೆ ಒಬ್ಬರ ಸಾಲುಗಳು ಮಾತ್ರ ಬರುತ್ತವೆ. ಎಷ್ಟೋ ತಂಡಗಳಿಗೆ ಇಷ್ಟೇ ಸಾಕು. ಸುಮ್ನೆ ಫೈಲ್ ಜಾಸ್ತಿ ಮಾಡಿಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳಿಸುವ ಕೆಲಸ. ಎಂಡಿಸಿ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂ ಒಳಗೆ ಒಂದೊಂದೇ ಕೆಲಸ ಮಾಡುವ ಎಳೆಗೆ, ಅಂಟಿಕೊಂಡಿರುತ್ತದೆ. ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್ ಸಾಮಾನ್ಯವಾಗಿ 200 ಥ್ರೆಡ್‌ಗಳವರೆಗೆ ಇಟ್ಟುಕೊಂಡು ಅವನ್ನೇ ತಿರುಗಿಸಿ ತಿರುಗಿಸಿ ಬಳಸುತ್ತದೆ. ನೀವು ಅಳಿಸದೆ ಬಿಟ್ಟರೆ, ಅದೇ ಥ್ರೆಡ್‌ಗೆ ಬಂದ ಮುಂದಿನ ಕೆಲಸದ ಮೇಲೆ ಹಿಂದಿನವರ ಹೆಸರು ಬೀಳುತ್ತದೆ. ಗುರುತೇ ಇಲ್ಲದ ಲಾಗ್ ತೊಂದರೆ ಕೊಡುತ್ತದೆ, ನಿಜ. ಆದರೆ ತಪ್ಪು ಗುರುತಿನ ಲಾಗ್ ಸುಳ್ಳು ಹೇಳುತ್ತದೆ. ನಾನು ಒಮ್ಮೆ ಅಂಥ ಸಾಲನ್ನು ನಂಬಿ, ಏನೂ ತಪ್ಪಿಲ್ಲದ ಗ್ರಾಹಕರ ಡೇಟಾವನ್ನು ಅರ್ಧ ದಿನ ತಡಕಾಡಿದ್ದೆ. ಅದಕ್ಕೇ ಅಳಿಸುವ ಸಾಲು, ಏನೇ ಆದರೂ ಕೊನೆಗೆ ಓಡುವ ಫೈನಲಿ ಬ್ಲಾಕ್‌ನಲ್ಲೇ ಇರಬೇಕು. ಎಸ್‌ಎಲ್‌ಎಫ್‌ಫೋರ್‌ಜೆ ಎಂಬ ಲಾಗಿಂಗ್ ಲೈಬ್ರರಿ ಬಳಸುವವರು ಪುಟ್‌ಕ್ಲೋಸಬಲ್ ಅನ್ನು ಟ್ರೈ ಜೊತೆ ಬರೆದರೆ ಅದು ತಾನಾಗಿ ಅಳಿಯುತ್ತದೆ.

ಇದರ ಉಲ್ಟಾ ತೊಂದರೆಯೂ ಇದೆ. ಕೆಲಸ ಬೇರೆ ಥ್ರೆಡ್ ಪೂಲ್‌ಗೆ, ಅಂದರೆ ಬೇರೆ ಥ್ರೆಡ್‌ಗಳ ಗುಂಪಿಗೆ, ಹೋದರೆ ಗುರುತು ಹಿಂದೆಯೇ ಉಳಿಯುತ್ತದೆ. ಕಳಿಸುವ ಮುಂಚೆ ಎಂಡಿಸಿಯ ನಕಲು ತೆಗೆದು, ಆ ಕಡೆ ಹಾಕಿ, ಕೆಲಸ ಮುಗಿದ ಮೇಲೆ ಅಲ್ಲೂ ಅಳಿಸಬೇಕು. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ, ಕೆಲಸಕ್ಕೆ ಹೊದಿಕೆ ಹಾಕುವ ಟಾಸ್ಕ್‌ಡೆಕೊರೇಟರ್ ಇರುವುದರಿಂದ ಇದನ್ನು ಒಂದೇ ಕಡೆ ಬರೆಯಬಹುದು. ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಕಾಫ್ಕಾ ದಾಟುವುದಿದ್ದರೆ ಕೋಡ್ ಅನ್ನು ಮೆಸೇಜ್ ಹೆಡರ್‌ನಲ್ಲೇ ಕಳಿಸಿ.

ಗ್ರಾಹಕರಿಗೊಂದು ಫೈಲ್ ಬೇಕೇ ಬೇಕು ಎಂದಾದರೆ ಇನ್ನೊಂದು ಲಾಗಿಂಗ್ ಲೈಬ್ರರಿಯಾದ ಲಾಗ್‌ಬ್ಯಾಕ್‌ನಲ್ಲಿ ಸಿಫ್ಟಿಂಗ್ ಅಪೆಂಡರ್, ಲಾಗ್‌ಫೋರ್‌ಜೆ 2ರಲ್ಲಿ ರೌಟಿಂಗ್ ಅಪೆಂಡರ್ ಇವೆ. ಅಪೆಂಡರ್ ಎಂದರೆ ಲಾಗ್ ಸಾಲನ್ನು ಫೈಲಿಗೆ ಬರೆಯುವ ಭಾಗ. ಇವೇ ಅಂಚೆಯ ಗೂಡುಗಳು. ಗುರುತಿಲ್ಲದ ಸಾಲುಗಳಿಗೂ ಒಂದು ಗೂಡು ಇಡಿ. ಆದರೆ ರಿಕ್ವೆಸ್ಟ್ ನಂಬರನ್ನು ಗೂಡಿನ ಹೆಸರಾಗಿಸಬೇಡಿ, ರಿಕ್ವೆಸ್ಟ್‌ಗೊಂದು ಫೈಲ್ ಹುಟ್ಟುತ್ತದೆ. ಲಾಗ್‌ಬ್ಯಾಕ್ ಬಳಕೆಯಿಲ್ಲದ ಅಪೆಂಡರನ್ನು ಮುಚ್ಚುವುದು 30 ನಿಮಿಷದ ಮೇಲೆ, ಅಷ್ಟರಲ್ಲಿ ಸರ್ವರ್ ಉಸಿರುಗಟ್ಟಿರುತ್ತದೆ. ಫೈಲ್ ಹೆಸರಾಗುವ ಕೋಡ್‌ನಲ್ಲಿ ಅಕ್ಷರ, ಅಂಕಿ ಬಿಟ್ಟು ಬೇರೇನೂ ಇರಬಾರದು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆಯ ಲಾಗ್‌ಫೋರ್‌ಶೆಲ್ ಎಂಬ ಭದ್ರತಾ ತೂತಿನ ಬೆನ್ನಲ್ಲೇ ಸಿಕ್ಕ ಇನ್ನೊಂದು ತೂತಿಗೆ ದಾರಿಯಾಗಿದ್ದು ಥ್ರೆಡ್‌ಕಾಂಟೆಕ್ಸ್ಟ್‌ಗೆ ಹೊರಗಿನಿಂದ ಬಂದ ಪಠ್ಯವೇ. ನಿಮ್ಮ ಲಾಗ್‌ಫೋರ್‌ಜೆ 2.17.1ಕ್ಕಿಂತ ಹಳೆಯದಾದರೆ ಮೊದಲು ಅದನ್ನು ಬದಲಿಸಿ.

ಒಂದೇ ಸರ್ವರ್‌ನಲ್ಲಿ ಹಲವು ಅಪ್ಲಿಕೇಶನ್‌ಗಳಿದ್ದರೆ ಕಥೆ ಬೇರೆ. ವೈಲ್ಡ್‌ಫ್ಲೈ ಎಂಬ ಜಾವಾ ಸರ್ವರ್‌ನಲ್ಲಿ ಅದಕ್ಕೆ ಲಾಗಿಂಗ್ ಪ್ರೊಫೈಲ್, ಅಂದರೆ ಅಪ್ಲಿಕೇಶನ್‌ಗೊಂದು ಲಾಗ್ ಸೆಟ್ಟಿಂಗ್, ಸಾಕು.

ಕೊನೆಗೆ ಪರೀಕ್ಷೆ. ಟೆಸ್ಟ್‌ನಲ್ಲಿ ಒಂದೇ ಥ್ರೆಡ್‌ನ ಪೂಲ್ ಇಟ್ಟು ಮೂರು ಕೆಲಸ ಕಳಿಸಿ: ಒಬ್ಬ ಗ್ರಾಹಕರದು, ಇನ್ನೊಬ್ಬರದು, ಆಮೇಲೆ ಸರ್ವರ್ ನಡೆಯುತ್ತಿದೆಯೇ ಎಂದು ನೋಡುವ, ಯಾರಿಗೂ ಸೇರದ ಒಂದು ಹೆಲ್ತ್ ಚೆಕ್. ಮೂರನೆಯ ಸಾಲಿನಲ್ಲಿ ಕೋಡ್ ಜಾಗ ಖಾಲಿ ಇರಬೇಕು. ಅಲ್ಲಿ ಎರಡನೆಯವರ ಹೆಸರು ಕಂಡರೆ, ಎಲ್ಲೋ ಒಂದು ಫೈನಲಿ ಬಿಟ್ಟುಹೋಗಿದೆ.