ಐ ಎಲ್ಲಿ, ಮಿ ಎಲ್ಲಿ: ಟ್ಯೂಷನ್ ಹುಡುಗರಿಗೆ ನಾನು ಹೇಳಿಕೊಡೋ ರೀತಿ

ಚಿಂತಾಮಣೀಲಿ ಸಂಜೆ ಹೊತ್ತು ಟ್ಯೂಷನ್ ಮಾಡ್ತೀನಿ, ಹೈಸ್ಕೂಲ್ ಹುಡುಗರೇ ಜಾಸ್ತಿ, ಹೆಚ್ಚುಕಮ್ಮಿ ಎಲ್ಲರೂ ಕನ್ನಡ ಮೀಡಿಯಂ, ಸುಮಾರು ಜನಕ್ಕೆ ಮನೇಲಿ ತೆಲುಗು. ಐ-ಮಿ, ಹಿ-ಹಿಮ್, ಶಿ-ಹರ್ ಅಂತ ಗೈಡಲ್ಲಿರೋ ಟೇಬಲ್ಲನ್ನ ಇವರಿಗೆ ಬಾಯಿಪಾಠ ಮಾಡ್ಸೋದು ದಂಡ. ಟೇಬಲ್ ಪಟಪಟಾಂತ ಒಪ್ಪಿಸ್ತಾರೆ, ಆಮೇಲೆ ನೋಟ್ಸಲ್ಲಿ 'ಹಿಮ್ ವೆಂಟ್ ಟು ಮಾರ್ಕೆಟ್' ಅಂತಾನೇ ಬರೀತಾರೆ.

ಅದಕ್ಕೇ ನಾನು ಕನ್ನಡ ವಿಭಕ್ತಿಯಿಂದಾನೇ ಶುರು ಮಾಡೋದು. ಅವನು ಅಂದ್ರೆ ಹಿ, ಅವನನ್ನು ಅಂದ್ರೆ ಹಿಮ್. ಮಾತಲ್ಲಿ 'ಹಣ್ಣು ತಿಂದೆ' ಅಂತೀವಿ, ಹಣ್ಣನ್ನು ಅಂತ ಯಾರೂ ಎಳೆಯಲ್ಲ, ಆದ್ರೆ 'ಅವನ್ನ ಕರೆದೆ' ಅನ್ನೋವಾಗ ಆ 'ನ್ನ' ಬಿಡೋಕಾಗಲ್ಲ. ಇಂಗ್ಲಿಷಲ್ಲೂ ಹೆಚ್ಚುಕಮ್ಮಿ ಹಂಗೇ, ಹಳೇ ಇಂಗ್ಲಿಷಲ್ಲಿ ನಾಮಪದಕ್ಕೂ ವಿಭಕ್ತಿ ಇತ್ತು, ಬರ್ತಾ ಬರ್ತಾ ಉದುರಿಹೋಗಿ ಸರ್ವನಾಮಗಳಲ್ಲಿ ಮಾತ್ರ ಹಿಂಗೆ ಉಳ್ಕೊಂಡಿದೆ. 'ಯು' ಯಾಕೆ ಸಾರ್ ಬದಲಾಗಲ್ಲ ಅಂತ ಕೇಳೋರು ಇದ್ದೇ ಇರ್ತಾರೆ. ಅದಕ್ಕೂ ಮೊದಲು ಎರಡು ರೂಪ ಇತ್ತು, ಕರ್ತೃವಿಗೆ 'ಯೀ', ಕರ್ಮಕ್ಕೆ 'ಯು', 1611ರ ಕಿಂಗ್ ಜೇಮ್ಸ್ ಬೈಬಲಲ್ಲಿ ಈಗಲೂ ನೋಡಬಹುದು. ಈಗ ಒಂದೇ, ಅಷ್ಟು ತಲೆನೋವು ಕಮ್ಮಿ.

ನಿಜವಾದ ತೊಂದರೆ ಬರೋದು 'ನನಗೆ' ಹತ್ರ. 'ಹಿ ಗೇವ್ ಮಿ ಎ ಪೆನ್' ಹೇಳಿಕೊಟ್ಟ ತಕ್ಷಣ 'ನನಗೆ' ಅಂದ್ರೆ ಮಿ ಅಂತ ಹಿಡ್ಕೊಂಡುಬಿಡ್ತಾರೆ, ಆಮೇಲೆ ಶುರುವಾಗುತ್ತೆ 'ಮಿ ನೋ', 'ಮಿ ವಾಂಟ್', 'ಹಿಮ್ ಲೈಕ್ಸ್ ಬಿರಿಯಾನಿ'. ತಪ್ಪು ಅವರದ್ದಲ್ಲ, ನಂಗೆ ಗೊತ್ತು, ನಂಗೆ ಬೇಕು, ಅವನಿಗೆ ಇಷ್ಟ ಅಂತಾನೇ ತಾನೇ ನಾವು ಹೇಳೋದು, ತೆಲುಗಲ್ಲೂ ನಾಕು ತೆಲುಸು, ನಾಕು ಕಾವಾಲಿ, ಹಂಗಾಗಿ ಮನೆಮಾತಿಂದಾನೂ ಏನೂ ಸಹಾಯ ಇಲ್ಲ. ಇದಕ್ಕೆ ಬೋರ್ಡಿನ ಒಂದು ಪಕ್ಕ ಖಾಯಂ ಬರೆದಿಟ್ಟಿರ್ತೀನಿ: ಗೊತ್ತು, ಬೇಕು, ಇಷ್ಟ, ಅರ್ಥ ಆಯ್ತು, ನೆನಪಿದೆ, ಜ್ವರ ಬಂದಿದೆ, ಇಬ್ಬರು ತಮ್ಮಂದಿರಿದ್ದಾರೆ. ಇವು ಬಂದ್ರೆ 'ನನಗೆ' ಇದ್ರೂ ಐ.

ಒಬ್ಬಳು ಕೇಳಿದ್ಳು, "ಸಾರ್, ಜ್ವರ ತಾನೇ ಬಂದಿದ್ದು, ನಾನೇನ್ ಮಾಡ್ದೆ?" ಅಂತ. ಇಂಗ್ಲಿಷೋರ ಲೆಕ್ಕದಲ್ಲಿ ಜ್ವರಾನ ನೀನೇ ಇಟ್ಕೊಂಡಿದ್ದೀಯಮ್ಮ, 'ಐ ಹ್ಯಾವ್ ಎ ಫೀವರ್' ಅಂದೆ. ಕ್ಲಾಸೆಲ್ಲಾ ನಕ್ಕಿದ್ದಕ್ಕೋ ಏನೋ, ಆ ಬ್ಯಾಚಲ್ಲಿ ಇದನ್ನ ಯಾರೂ ಮರೀಲಿಲ್ಲ.

ಇದರ ಉಲ್ಟಾ 'ಅವನು ಬರಲಿ'. ಕನ್ನಡದಲ್ಲಿ ಅವನು, ಇಂಗ್ಲಿಷಲ್ಲಿ 'ಲೆಟ್ ಹಿಮ್ ಕಮ್'. 'ಲೆಟ್ಸ್ ಗೋ' ಒಳಗಿರೋದೂ 'ಅಸ್', 'ವಿ' ಅಲ್ಲ ಅಂತ ಬಿಡಿಸಿ ಬರೆದು ತೋರಿಸ್ತೀನಿ.

ಇಬ್ಬರ ಹೆಸರು ಒಟ್ಟಿಗೆ ಬಂದಾಗ ಕಾನ್ವೆಂಟ್ ಮಕ್ಕಳೇ ಜಾಸ್ತಿ ಎಡವ್ತಾರೆ, 'ರವಿ ಅಂಡ್ ಐ' ಅನ್ನೋದೇ ಮರ್ಯಾದೆ ಅಂತ ತಲೇಲಿ ಕೂತಿರುತ್ತಲ್ಲ. 'ಮಿಸ್ ಕಾಲ್ಡ್ ರವಿ ಅಂಡ್ ಐ' ಅಂತ ಬರೆದ್ರೆ 'ರವಿ ಅಂಡ್' ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಚಿ ಓದು ಅಂತೀನಿ. 'ಮಿಸ್ ಕಾಲ್ಡ್ ಐ', ತಕ್ಷಣ ಅವರಿಗೇ ಕಸಿವಿಸಿ ಆಗುತ್ತೆ. 'ಬಿಟ್ವೀನ್' ಹತ್ರ ಮಾತ್ರ ಈ ಹೆಬ್ಬೆಟ್ಟು ನಡೆಯಲ್ಲ, ಒಬ್ಬರ ನಡುವೆ ಅಂತ ಇರೋಕಾಗಲ್ವಲ್ಲ, ಅದಕ್ಕೆ ವಿತ್, ಫಾರ್, ಬಿಟ್ವೀನ್ ಥರದ್ದು ಬಂದ್ರೆ ಮಿ, ಹಿಮ್, ಹರ್, ಅಸ್, ದೆಮ್ ಅಂತ ನೇರವಾಗಿ ಹೇಳಿಬಿಡ್ತೀನಿ. 'ಬಿಟ್ವೀನ್ ಯು ಅಂಡ್ ಮಿ'.

'ಟಾಲರ್ ದ್ಯಾನ್ ಐ'ನಾ 'ದ್ಯಾನ್ ಮಿ'ನಾ ಅಂತ ಜಗಳಕ್ಕೆ ಬಂದ್ರೆ, ಮಾತಲ್ಲಿ ಎಲ್ಲರೂ 'ದ್ಯಾನ್ ಮಿ' ಅಂತಾರೆ, ಪರೀಕ್ಷೇಲಿ 'ದ್ಯಾನ್ ಐ ಆ್ಯಮ್' ಅಂತ ಪೂರ್ತಿ ಬರೆದುಬಿಡಿ, ಯಾರೂ ಮಾರ್ಕ್ಸ್ ಕಟ್ ಮಾಡೋಕಾಗಲ್ಲ. 'ಇಟ್ ಈಸ್ ಐ' ಅಂತ ಹಳೇ ಗ್ರಾಮರ್ ಬುಕ್ಕುಗಳಲ್ಲಿ ಇರುತ್ತೆ ನಿಜ, ಆದ್ರೆ ಬಾಗಿಲು ತಟ್ಟಿ 'ಇಟ್ ಈಸ್ ಐ' ಅಂದ್ರೆ ಒಳಗಿರೋ ಇಂಗ್ಲಿಷೋನೇ ಗಾಬರಿ ಬೀಳ್ತಾನೆ.