ಮರದ ಬುಗುರಿಗೆ ಲಾಂಚರ್ ಮಾಡ್ಕೊಂಡಿದ್ದು: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಇದು ಅಂಗಡೀಲಿ ಸಿಗೋ ಬೇಬ್ಲೇಡ್ (ಪ್ಲಾಸ್ಟಿಕ್ ಆಟದ ಬುಗುರಿ) ಲಾಂಚರ್ ರಿಪೇರಿ ಮಾಡೋ ವಿಷ್ಯ ಅಲ್ಲ. ಮರದ ಬುಗುರಿನ, ಅಂದ್ರೆ ಲೇತ್‌ನಲ್ಲಿ ಕಡೆದ ಬುಗುರಿನ, ಚಾಟಿ ಸುತ್ತಿ ಬೀಸೋಕೆ ಬರದಿರೋ ಚಿಕ್ಕ ಮಕ್ಳೂ ದಾರ ಎಳೆದು ನೆಟ್ಟಗೆ ನೆಲಕ್ಕೆ ಇಳಿಸೋ ಹಾಗೆ ಒಂದು ಡಬ್ಬಿ ಮಾಡಿದೀನಿ, ಅದರ ಕಥೆ. ನನ್ನ ಕೆಲಸ ಟೂಲ್‌ರೂಮ್‌ನಲ್ಲಿ, ಪ್ಲಾಸ್ಟಿಕ್ ಮೋಲ್ಡ್ ಮಾಡೋದು, ಅದಕ್ಕೇ ಕೆಲವು ಸಾಮಾನು ನಂಗೆ ಸ್ಕ್ರ್ಯಾಪ್ ಡಬ್ಬೀಲೇ ಸಿಕ್ತು, ನಿಮಗೆ ಕೊಂಡ್ಕೊಬೇಕಾಗಬಹುದು.

ಕೆಲಸ ಶುರು ಮಾಡೋಕೆ ಮುಂಚೆ ಮಗನ ಹತ್ರ ಇದ್ದ ಒಂದು ಸಂತೆ ಮಾಲು ಲಾಂಚರ್ ಬಿಚ್ಚಿ ನೋಡ್ದೆ. ಒಳಗೆ ಜಾಸ್ತಿ ಏನಿಲ್ಲ, ಹಲ್ಲಿರೋ ಒಂದು ಉದ್ದ ಪಟ್ಟಿ, ಅದು ತಿರುಗ್ಸೋ ಒಂದು ಚಿಕ್ಕ ಗೇರು, ಗೇರಿನ ಕೆಳಗೆ ಎರಡು ಕೊಕ್ಕೆ, ಅಷ್ಟೇ. ಬೇಬ್ಲೇಡ್ ಅನ್ನೋದು ಜಪಾನಿನ ಟಕಾರಾ ಕಂಪನಿ 1999ರಲ್ಲಿ ತಂದಿದ್ದು. ಅದಕ್ಕೆ ಮೂಲ ಅಲ್ಲಿನ ಹಳೇ ಬೇಗೋಮಾ ಅನ್ನೋ ಆಟ. ಬೇಗೋಮಾ ಅಂದ್ರೆ ಎರಕದ ಪುಟಾಣಿ ಬುಗುರಿ, ದಾರ ಸುತ್ತಿ ಬಕೆಟ್ ಮೇಲೆ ಬಿಗಿದ ಕ್ಯಾನ್ವಾಸ್ ಬಟ್ಟೆ ಮೇಲೆ ಬಿಡೋದು, ಯಾರದ್ದು ಹೊರಗೆ ಹಾರುತ್ತೋ ಅವ್ರು ಸೋತ್ರು. ಅಂದ್ರೆ ಅಲ್ಲೂ ಶುರುವಾಗಿದ್ದು ದಾರದಿಂದಾನೇ, ಗೇರು ಪಟ್ಟಿ ಎಲ್ಲ ಆಮೇಲೆ ಬಂದಿದ್ದು.

ಆ ಹಲ್ಲಿನ ಪಟ್ಟಿ ನಂಗೆ ಇಷ್ಟ ಆಗ್ಲಿಲ್ಲ, ಕಾರಣ ಲೆಕ್ಕ. 12 ಹಲ್ಲಿನ, ಮಾಡ್ಯೂಲ್ (ಅಂದ್ರೆ ಹಲ್ಲಿನ ಸೈಜು) ಒಂದು ಇರೋ ಗೇರ್ ತಗೊಂಡ್ರೆ ಒಂದು ಸುತ್ತಿಗೆ ಪಟ್ಟಿ ಸುಮಾರು 37.7 ಮಿಲಿಮೀಟರ್ ಓಡುತ್ತೆ, 200 ಮಿಲಿಮೀಟರ್ ಪಟ್ಟಿಗೆ ಐದೂ ಕಾಲು ಸುತ್ತು. ಹಗುರ ಪ್ಲಾಸ್ಟಿಕ್ ಬುಗುರಿಗೆ ಇದು ಧಾರಾಳ ಸಾಕು. ಆದ್ರೆ ಮರದ ಬುಗುರಿ ಭಾರ, ಶುರುವಲ್ಲೇ ಗೇರು ಚಿಕ್ಕದಿರೋದ್ರಿಂದ ಮೊದಲ ಎಳೆತ ಬಿಗಿಯಾಗಿ ಬರುತ್ತೆ, ಮಕ್ಳು ಜಗ್ಗಿ ಎಳೀತಾರೆ, ಹಲ್ಲು ಉದುರುತ್ತೆ ಇಲ್ಲಾ ಲಾಂಚರ್ರೇ ಪಕ್ಕಕ್ಕೆ ತಿರುಗ್ಕೊಳುತ್ತೆ.

ಈಗ ನಮ್ಮ ಮಾಮೂಲಿ ಬುಗುರಿ ನೋಡಿ. ಚಾಟಿನ ಮೊಳೆ ಹತ್ರದಿಂದ ಶುರು ಮಾಡಿ ಮೇಲಕ್ಕೆ, ದಪ್ಪ ಹೊಟ್ಟೆ ಕಡೆಗೆ ಸುತ್ಕೊಂಡ್ ಹೋಗ್ತೀವಿ ಅಲ್ವಾ, ಅಂದ್ರೆ ಬಿಟ್ಟಾಗ ದಾರ ಮೊದ್ಲು ದಪ್ಪ ಜಾಗದಿಂದ ಬಿಚ್ಕೊಳುತ್ತೆ, ಕೊನೆಗೆ ಮೊಳೆ ಹತ್ರ ಸಣ್ಣ ಜಾಗದಿಂದ. ದಪ್ಪ ಜಾಗದಲ್ಲಿ ದಾರ ಎಳೆದ್ರೆ ಬಲ ಜಾಸ್ತಿ ಸುತ್ತು ಕಮ್ಮಿ, ಸಣ್ಣ ಜಾಗದಲ್ಲಿ ಬಲ ಕಮ್ಮಿ ಸುತ್ತು ಜಾಸ್ತಿ. ಸೈಕಲ್ಲಲ್ಲಿ ಏರು ಹತ್ತುವಾಗ ಒಂದು ಗೇರು, ಓಡಿಸುವಾಗ ಇನ್ನೊಂದು ಗೇರು ಹಾಕ್ದಂಗೆ, ಅದೂ ತಾನಾಗೇ ಬದಲಾಗುತ್ತೆ. ಇದನ್ನ ಯಾರು ಯಾವಾಗ ಕಂಡು ಹಿಡಿದ್ರೋ, ಎಲ್ಲಾ ಊರಲ್ಲೂ ಹುಡುಗ್ರು ಹಂಗೇ ಸುತ್ತುತಾರೆ. ಲಾಂಚರ್ ಒಳಗೂ ಇದೇ ಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ದು.

ಅದಕ್ಕೆ ದಾರದ ರಾಟೆನ ಅಗಲ ಮಾಡ್ಲಿಲ್ಲ, ಕಿರಿದಾಗಿ ಮಾಡ್ದೆ. ಎರಡು ಮಿಲಿಮೀಟರ್ ದಪ್ಪದ ಹೆಣೆದ ಪಾಲಿಯೆಸ್ಟರ್ ದಾರ, ಕಿಟಕಿ ಬ್ಲೈಂಡ್‌ಗೆ ಹಾಕ್ತಾರಲ್ಲ ಅದು, ಎಳೆದ್ರೆ ಹಿಗ್ಗಲ್ಲ. ರಾಟೆಲಿ ದಾರ ಕೂರೋ ಸಂದು ಎರಡೂವರೆ ಮಿಲಿಮೀಟರ್ ಅಗಲ ಇದ್ರೆ ದಾರ ಪಕ್ಕಕ್ಕೆ ಹೋಗೋಕೆ ಜಾಗ ಇರಲ್ಲ, ಒಂದರ ಮೇಲೊಂದು ಏರ್ಕೊಂಡ್ ಹೋಗುತ್ತೆ. ನಡುವಿನ ದಿಂಡು 12 ಮಿಲಿಮೀಟರ್, 600 ಮಿಲಿಮೀಟರ್ ದಾರ ಪೂರ್ತಿ ಸುತ್ತಿದ್ರೆ ಹೊರಗಿನ ಅಳತೆ 40ರ ಆಸುಪಾಸು ಬರುತ್ತೆ, ಒಟ್ಟು ಏಳು ಸುತ್ತು. ಏಳೇ ಸುತ್ತಾ ಅಂತ ಮೂಗು ಮುರೀಬೇಡಿ, ಕೊನೇ ವೇಗ ನಿಂತಿರೋದು ಎಷ್ಟು ಸುತ್ತು ಅನ್ನೋದ್ರ ಮೇಲಲ್ಲ, ದಾರ ಮುಗಿಯೋ ಹೊತ್ತಿಗೆ ಕೈ ಎಷ್ಟು ಸ್ಪೀಡಾಗಿದೆ, ಆಗ ದಾರ ಎಷ್ಟು ಸಣ್ಣ ಜಾಗದಿಂದ ಬಿಚ್ಕೊತಿದೆ ಅನ್ನೋದ್ರ ಮೇಲೆ. ಕೈ ಸೆಕೆಂಡಿಗೆ ಮೂರು ಮೀಟರ್ ಅಂತ ಇಟ್ಕೊಂಡ್ರೆ ಕೊನೇಲಿ ನಿಮಿಷಕ್ಕೆ ನಾಲ್ಕು ಸಾವಿರದ ಚಿಲ್ಲರೆ ಸುತ್ತು ಬರುತ್ತೆ ಲೆಕ್ಕಕ್ಕೆ. ಫೋನಿನ ಸ್ಲೋ ಮೋಷನ್ನಲ್ಲಿ, ಸೆಕೆಂಡಿಗೆ 240 ಫ್ರೇಮ್, ಬುಗುರಿ ಮೇಲೆ ಒಂದು ಕಪ್ಪು ಗೆರೆ ಎಳೆದು ನೋಡಿದ್ರೆ ನಮ್ಮ ಹುಡುಗ ಎಳೆದಾಗ ನಾಲ್ಕೈದು ಫ್ರೇಮಿಗೆ ಒಂದು ಸುತ್ತು ಬರ್ತಿದೆ, ಅಂದ್ರೆ ಮೂರರಿಂದ ಮೂರೂವರೆ ಸಾವಿರ. ಏಳು ವರ್ಷದ ಕೈಗೆ ಇದು ಬೇಕಾದಷ್ಟಾಯ್ತು.

ದಾರ ವಾಪಸ್ ಸುತ್ಕೊಳೋಕೆ ಹಳೇ ಮೂರು ಮೀಟರ್ ಅಳತೆ ಟೇಪ್ ಒಳಗಿನ ಸುರುಳಿ ಸ್ಪ್ರಿಂಗ್. ಬಿಚ್ಚುವಾಗ ಹುಷಾರು, ಅದು ಮುಚ್ಚಳ ತೆಗೆದ ತಕ್ಷಣ ಹಾರುತ್ತೆ, ಅಂಚು ಬ್ಲೇಡ್ ಥರ ಇರುತ್ತೆ, ಕನ್ನಡಕ ಕೈಗವಸು ಹಾಕ್ಕೊಂಡೇ ಮಾಡಿ. ಉದ್ದ ಕತ್ತರಿಸಿದ ಮೇಲೆ ತುದಿ ಹಂಗೇ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ, ತುದೀನ ಮಾತ್ರ ಕೆಂಪಗೆ ಕಾಯಿಸಿ ನಿಧಾನಕ್ಕೆ ಆರೋಕೆ ಬಿಟ್ಟು ಆಮೇಲೆ ಬಗ್ಗಿಸ್ಬೇಕು.

ಇನ್ನು ಅಸಲು ವಿಷ್ಯಕ್ಕೆ ಬರ್ತೀನಿ. ತಿರುಗ್ಸೋ ಕೆಲಸ ಯಾರ್ ಬೇಕಾದ್ರೂ ಮಾಡ್ತಾರೆ, ಡ್ರಿಲ್ ಮಷೀನಿಗೆ ಕಚ್ಚಿಸಿದ್ರೂ ಬುಗುರಿ ತಿರುಗುತ್ತೆ. ಅಷ್ಟು ಸ್ಪೀಡಲ್ಲಿ ತಿರುಗ್ತಿರೋ ಬುಗುರಿನ ಒಂಚೂರೂ ಓರೆ ಆಗದಂಗೆ ಕೈ ಬಿಡೋದು ಹೆಂಗೆ ಅನ್ನೋದೇ ಈ ಡಬ್ಬಿಯ ಎಲ್ಲಾ ತಲೆನೋವು, ನನ್ನ ಸಮಯ ಮುಕ್ಕಾಲು ಪಾಲು ಹೋಗಿದ್ದು ಇಲ್ಲೇ.

ಬುಗುರಿ ತಲೇಲಿ 14 ಮಿಲಿಮೀಟರ್ ದಪ್ಪದ ಒಂದು ಕತ್ತು ಇದೆ, ಅದಕ್ಕೆ ಅಡ್ಡಲಾಗಿ ಮೂರು ಮಿಲಿಮೀಟರ್ ಪಿನ್ನು, ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊರಗೆ ಚಾಚಿರುತ್ತೆ. ಲಾಂಚರ್ ಕಡೆಯಿಂದ ಒಂದು ಕೊಳವೆ ಇಳಿದಿದೆ, ಅದರ ಗೋಡೇಲಿ ಎದುರುಬದುರು ಎರಡು ಸೀಳು, ಕೆಳಗಿಂದ ಮೇಲೆ ಹೋಗಿ ಪಕ್ಕಕ್ಕೆ ತಿರುಗೋ ಥರ. ಬಲ್ಬು ಹೋಲ್ಡರಿಗೆ ಹಾಕೋ ಹಂಗೆ ಬುಗುರಿನ ಮೇಲಕ್ಕೆ ಒತ್ತಿ ಸ್ವಲ್ಪ ತಿರುಗ್ಸಿದ್ರೆ ಪಿನ್ನು ಸೀಳಿನ ಮುಚ್ಚಿದ ತುದೀಲಿ ಕೂರುತ್ತೆ. ದಾರ ಎಳೆದಾಗ ಕೊಳವೆ ಮುಂದಕ್ಕೆ ಓಡುತ್ತೆ, ಬುಗುರಿ ಭಾರ ಇರೋದ್ರಿಂದ ಹಿಂದೆ ಉಳಿಯೋಕೆ ನೋಡುತ್ತೆ, ಹಂಗಾಗಿ ಪಿನ್ನು ಆ ಮುಚ್ಚಿದ ತುದಿಗೇ ಇನ್ನೂ ಒತ್ಕೊಂಡು ಭದ್ರ ಆಗುತ್ತೆ. ದಾರ ಮುಗಿದು ಕೊಳವೆ ನಿಧಾನ ಆಗ್ತಿದ್ದಂಗೆ ಬುಗುರಿ ನಿಲ್ಲಲ್ಲ, ಅದು ಕೊಳವೆಗಿಂತ ಮುಂದೆ ಹೋಗುತ್ತೆ, ಪಿನ್ನು ಸೀಳಿನ ಬಾಯಿ ಕಡೆ ಜಾರುತ್ತೆ, ಬುಗುರಿ ಬಿತ್ತು. ಯಾವ ಬಟನ್ನೂ ಇಲ್ಲ, ಟ್ರಿಗರ್ ಇಲ್ಲ. ಬೇಬ್ಲೇಡ್ ಕೊಕ್ಕೆ ಕೆಲಸ ಮಾಡೋದೂ ಇದೇ ಥರ, ಅದನ್ನ ಮಾಡಿದ ಪುಣ್ಯಾತ್ಮನಿಗೆ ಒಂದು ಸಲಾಂ.

ಈ ಕೊಳವೆನ ರಾಟೆಗೆ ನೇರವಾಗಿ ಜೋಡಿಸಿದ್ರೆ ಏನಾಗುತ್ತೆ ಅಂದ್ರೆ, ದಾರದ ಕೊನೇ ಗಂಟು ಬಂದಾಗ ರಾಟೆ ಜರ್ಕ್ ಹೊಡೆದು ನಿಲ್ಲುತ್ತೆ, ಜೊತೆಗೆ ಕೊಳವೇನೂ ಜರ್ಕ್, ಮಗು ಕೈಯೂ ಜರ್ಕ್, ಬುಗುರಿ ಬಿಡೋ ಅದೇ ಗಳಿಗೇಲಿ ಎಲ್ಲಾ ಅಲ್ಲಾಡಿ ಓರೆಯಾಗಿ ಬೀಳುತ್ತೆ. ಅದಕ್ಕೆ ಮಧ್ಯೆ ಒಂದು ಒನ್‌ವೇ ಬೇರಿಂಗ್ ಹಾಕಿದೀನಿ, ಎಚ್ಎಫ್ 0612 ಅಂತ ಸಿಗುತ್ತೆ, ರಿಮೋಟ್ ಕಾರು ಹೆಲಿಕಾಪ್ಟರ್ ಸಾಮಾನು ಮಾರೋ ಕಡೆ ಕೇಳಿ, ಒಳಗೆ ಆರು ಹೊರಗೆ ಹತ್ತು ಮಿಲಿಮೀಟರ್. ರಾಟೆ ಎಳೆಯೋ ದಿಕ್ಕಲ್ಲಿ ಕೊಳವೆ ಕೂತಿರೋ ಶಾಫ್ಟ್‌ನ ಹಿಡಿಯುತ್ತೆ, ವಾಪಸ್ ಬರುವಾಗ ಬಿಟ್ಬಿಡುತ್ತೆ. ಇದರೊಳಗಿನ ಸೂಜಿ ರೋಲರ್‌ಗಳು ಮೆತ್ತನೆ ಶಾಫ್ಟ್ ಮೇಲೆ ಗೀರು ಮಾಡ್ಕೊಂಡು ಜಾರೋಕೆ ಶುರು ಮಾಡ್ತವೆ, ಮಾಮೂಲಿ ಎಂಎಸ್ (ಮೆತ್ತನೆ ಉಕ್ಕಿನ) ರಾಡ್ ಹಾಕ್ಬೇಡಿ. ನಾನು ಹಾಕಿರೋದು ಮೋಲ್ಡ್‌ನ ಆರು ಮಿಲಿಮೀಟರ್ ಇಜೆಕ್ಟರ್ ಪಿನ್, ಅಂದ್ರೆ ಅಚ್ಚಿಂದ ಪ್ಲಾಸ್ಟಿಕ್ ಸಾಮಾನು ಹೊರಗೆ ತಳ್ಳೋ ಕಡ್ಡಿ, ಗಟ್ಟಿ ಮಾಡಿ ಗ್ರೈಂಡ್ ಮಾಡಿರೋದೇ ಬರುತ್ತೆ. ಅದನ್ನ ಕೂರಿಸೋಕೆ 606 ಬೇರಿಂಗ್ ಎರಡು, ಬೆಂಗಳೂರಲ್ಲಾದ್ರೆ ಎಸ್‌ಜೆಪಿ ರೋಡ್ ಕಡೆ ಹೋದ್ರೆ ಆಯ್ತು.

ಈಗ ರಾಟೆ ನಿಂತ್ರೂ ಕೊಳವೆ ನಿಲ್ಲಲ್ಲ, ಹಂಗಾದ್ರೆ ಬುಗುರಿ ಬೀಳೋದು ಹೆಂಗೆ? ಕೊಳವೆಗೆ ತಾಗೋ ಹಂಗೆ ಒಂದು ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ವಾಷರ್. ಕೊಳವೆ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ದು, ಹಗುರ, ಫೆಲ್ಟ್ ಮೆತ್ತಗೆ ಉಜ್ಜಿದ್ರೂ ಅದರ ಸ್ಪೀಡು ಇಳಿಯುತ್ತೆ, ಬುಗುರಿ ಭಾರ, ಅದು ಮುಂದೆ ಹೋಗುತ್ತೆ. ಜರ್ಕ್ ಇಲ್ದೆ ಜಾರ್ಕೊಂಡು ಇಳಿಯುತ್ತೆ. ಫೆಲ್ಟ್ ಎಷ್ಟು ಒತ್ಬೇಕು ಅನ್ನೋದನ್ನ ಕೈಯಲ್ಲೇ ನೋಡ್ಕೊಬೇಕು, ಬುಗುರಿ ಇಲ್ದೆ ಬರೀ ಕೊಳವೆನ ಬೆರಳಲ್ಲಿ ತಿರುಗ್ಸಿದ್ರೆ ಒಂದೆರಡು ಸುತ್ತಿಗೆ ನಿಲ್ಲಬೇಕು, ಅಷ್ಟಿದ್ರೆ ಸರಿ.

ಸೀಳುಗಳು ಎರಡೂ ಒಂದೇ ಥರ ಇರ್ಬೇಕು, ಇದು ತುಂಬಾ ಮುಖ್ಯ. ಒಂದು ಕಡೆ ಪಿನ್ನು ಕೂದಲೆಳೆ ಮುಂಚೆ ಬಿಟ್ರೂ ಬುಗುರಿ ಆ ಕಡೆ ವಾಲ್ಕೊಂಡು ನೆಲಕ್ಕೆ ಬಂದು ಆಮೇಲೆ ತೂಗಾಡ್ತಾನೇ ಇರುತ್ತೆ. ಅದಕ್ಕೆ ಮುಚ್ಚಿದ ತುದಿನ ಒಂದೇ ಡ್ರಿಲ್ಲಲ್ಲಿ ಎರಡೂ ಗೋಡೆ ದಾಟಿ ತೂತು ಮಾಡಿ, ಕೊಳವೆನ ಇಂಡೆಕ್ಸಿಂಗ್ ಹೆಡ್ಡಲ್ಲಿ (ಬೇಕಾದಷ್ಟೇ ಡಿಗ್ರಿ ತಿರುಗಿಸಿ ಹಿಡಿಯೋ ಸಾಧನ) 35 ಡಿಗ್ರಿ ತಿರುಗ್ಸಿ ಬಾಯಿ ಕಡೆದೂ ಹಂಗೇ ಒಂದೇ ಡ್ರಿಲ್ಲಲ್ಲಿ ಹೊಡೆದು, ನಡುವಿನದ್ದು ಮಾತ್ರ ಅರದಿಂದ ಕ್ಲೀನ್ ಮಾಡ್ಕೊಂಡೆ. ಬಾಯಿಯ ಮುಂದಿನ ಗೋಡೆ ನೆಟ್ಟಗೆ ಬಿಡ್ಬೇಡಿ, ಓರೆ ಮಾಡಿ, ಪಿನ್ನು ಅದಕ್ಕೆ ತಾಗಿದ್ರೆ ಸಿಕ್ಕಾಕ್ಕೊಳೋ ಬದ್ಲು ಕೆಳಕ್ಕೆ ಜಾರುತ್ತೆ. ಕತ್ತಿಗೂ ಕೊಳವೆಗೂ ನಡುವೆ 0.4 ಮಿಲಿಮೀಟರ್ ಸಡಿಲ ಇಟ್ಟಿದೀನಿ. ಕತ್ತನ್ನ ಮರದಲ್ಲೇ ಕಡೆದ್ರೆ ಮಳೆಗಾಲದಲ್ಲಿ ಊದ್ಕೊಂಡು ಒಳಗೇ ಕಚ್ಕೊಳುತ್ತೆ, ಅದಕ್ಕೇ ಕತ್ತೂ ಡೆಲ್ರಿನ್‌ದೇ, ಮರದ ತೂತಿಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು.

ಇಷ್ಟೆಲ್ಲಾ ಯಾಕೆ, ಒಂದು ಮ್ಯಾಗ್ನೆಟ್ ಹಾಕಿದ್ರೆ ಮುಗೀತಲ್ಲ ಅಂತ ಗೆಳೆಯರು ಕೇಳಿದ್ರು. ಮುಗಿಯುತ್ತೆ ನಿಜ. ಆದ್ರೆ ಈಗಿನ ಚಿಕ್ಕ ನಿಯೋಡೈಮಿಯಂ ಮ್ಯಾಗ್ನೆಟ್‌ಗಳು ಕಿತ್ಕೊಂಡು ಬಂದು ಮಗು ಎರಡು ನುಂಗಿದ್ರೆ ಕರುಳಿನ ಎರಡು ಮಡಿಕೆ ನಡುವೆ ಒಂದಕ್ಕೊಂದು ಅಂಟ್ಕೊಂಡು ಕರುಳೇ ತೂತಾಗಬಹುದು, ಆಪರೇಷನ್ ಕೇಸು. ಮನೇಲಿ ಎರಡು ವರ್ಷದ ಇನ್ನೊಂದಿದೆ, ನಾನಂತೂ ಆಟದ ಸಾಮಾನಿಗೆ ಅದನ್ನ ಹಾಕಲ್ಲ.

ಬುಗುರಿ ಹಾಲೆ ಮರದ್ದು, ಚನ್ನಪಟ್ಟಣದ ಗೊಂಬೆಗೆ ಬಳಸೋದು ಅದೇ, ಮೆತ್ತಗೆ ಬಿಳಿ ಮರ, ಲೇತ್‌ನಲ್ಲಿ ಬೆಣ್ಣೆ ಕಡೆದಂಗೆ ಬರುತ್ತೆ. ಬಣ್ಣಾನೂ ಅವ್ರ ಥರಾನೇ, ತಿರುಗ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜೋ ಬಿಸಿಗೇ ಕರಗಿ ಹತ್ಕೊಳುತ್ತೆ, ಆಮೇಲೆ ತಾಳೆ ಗರಿ ಒತ್ತಿ ಹೊಳಪು. ನಂಗೆ ಹೊಳಪು ಅವ್ರಷ್ಟು ಬರಲ್ಲ, ಅದು ತಲೆಮಾರಿನ ಕೈ. ಆಕಾರ ಮಾತ್ರ ಗುನ್ನ ಆಡೋ ಬುಗುರಿ ಥರ ಉದ್ದ ಮಾಡ್ಲಿಲ್ಲ, ಅಗಲ ಜಾಸ್ತಿ ಎತ್ತರ ಕಮ್ಮಿ, ಭಾರ ಆದಷ್ಟು ಕೆಳಗೆ, ಅಂಚಿಗೆ. ಚಾಟಿ ಸುತ್ತೋ ಅವಶ್ಯಕತೆ ಇಲ್ಲ ಅಂದ್ಮೇಲೆ ಆ ಮೊನಚು ಹೊಟ್ಟೆ ಯಾಕೆ. ಕತ್ತಿನ ತೂತು, ಹೊರ ಮೈ, ಎರಡನ್ನೂ ಲೇತ್ ಚಕ್ಕಿಂದ (ಮರ ಕಚ್ಚಿ ಹಿಡಿಯೋ ಭಾಗ) ಬಿಚ್ಚದೆ ಒಂದೇ ಸೆಟ್ಟಿಂಗಲ್ಲಿ ಮುಗಿಸ್ಬೇಕು, ಮೊಳೆ ತೂತನ್ನೂ ಅದೇ ಅಕ್ಷಕ್ಕೆ ತರ್ಬೇಕು. ತುದಿಗೆ ಮೊಳೆ ಬದ್ಲು ಸೈಕಲ್ ಬೇರಿಂಗಿನ ಕಾಲಿಂಚು ಗುಂಡು ಕೂರಿಸಿದೀನಿ, ಟೈಲ್ಸ್ ಮೇಲೆ ಗೀರು ಬೀಳಲ್ಲ, ಮನೆಯವ್ರ ಬೈಗುಳಾನೂ ಬೀಳಲ್ಲ. ಮಣ್ಣಲ್ಲಿ ಆಡೋದಾದ್ರೆ ಮೊಳೇನೇ ಸರಿ.

ಹಿಡಿ ಬಗ್ಗೆ ಒಂದು ಮಾತು. ದಾರ ಹೊರಗೆ ಬರೋ ಗೆರೆ ಮಗು ಮುಷ್ಟಿಯ ನಡುವಿಗೆ ನೇರ ಇರ್ಬೇಕು, ಒಂದಿಂಚು ಮೇಲೆ ಕೆಳಗೆ ಆದ್ರೂ ಎಳೆದಾಗ ಡಬ್ಬಿ ಮೂತಿ ಎತ್ತುತ್ತೆ. ತೀರಾ ಚಿಕ್ಕವ್ರಿಗೆ ಡಬ್ಬಿ ಕೆಳಗೆ ಮೂರು ಕಾಲಿನ ಸ್ಟ್ಯಾಂಡ್ ಸಿಕ್ಕಿಸ್ತೀನಿ, ಬುಗುರಿ ತುದಿ ನೆಲದಿಂದ ಐದು ಮಿಲಿಮೀಟರ್ ಮೇಲೆ ತೂಗಾಡ್ತಿರುತ್ತೆ, ಎಳೆದ್ರೆ ಆಯ್ತು, ಓರೆ ಆಗೋಕೆ ಜಾಗಾನೇ ಇಲ್ಲ. ಬುಗುರಿ ನಿಂತ ಮೇಲೆ ಡಬ್ಬಿನ ಮೇಲಕ್ಕೆ ಎತ್ಬೇಕು, ಪಕ್ಕಕ್ಕೆ ಎಳೀಬಾರ್ದು, ಇದೊಂದು ಅವ್ರಿಗೆ ಹೇಳ್ಕೊಡ್ಬೇಕು. ಎಡಗೈ ಮಕ್ಳಿಗೆ ದಾರದ ಬಾಯಿ ಆ ಕಡೆ ಬರೋ ಹಂಗೆ ಹಿಡೀನೇ ತಿರುಗಿಸಿ ಸ್ಕ್ರೂ ಮಾಡಿದ್ರೆ ಸಾಕು, ಒಳಗಿನದ್ದೇನೂ ಮುಟ್ಬೇಕಾಗಿಲ್ಲ.

ಪಕ್ಕದ ಮನೆ ತಾತ ನೋಡಿ, ಏನಪ್ಪ ಇದು, ಬುಗುರಿ ಆಡೋಕೂ ಮಷೀನ್ ಬೇಕಾ ನಿಮಗೆ ಅಂದ್ರು. ಅವ್ರ ಮಾತು ತಪ್ಪೇನಲ್ಲ, ಚಾಟಿ ಬೀಸಿ ಇನ್ನೊಬ್ಬನ ಬುಗುರಿಗೆ ಗುನ್ನ ಹಾಕೋ ಮಜಾ ಇದರಲ್ಲಿ ಇಲ್ವೇ ಇಲ್ಲ, ಅದು ಬೇರೆ ಆಟ. ಇದು ಬೇಗೋಮಾ ಥರ ಆಡೋಕೆ ಚೆನ್ನಾಗಿದೆ, ನಾವು ದೊಡ್ಡ ಬಕೆಟ್ ಬಾಯಿಗೆ ಟಾರ್ಪಾಲ್ ತುಂಡು ಸ್ವಲ್ಪ ಕುಳಿ ಬೀಳೋ ಹಂಗೆ ಕಟ್ಟಿ ಎರಡು ಬುಗುರಿ ಬಿಡ್ತೀವಿ, ಎರಡೂ ನಡುವಿಗೆ ಜಾರಿ ಗುದ್ದಾಡ್ಕೊಳ್ತವೆ.

ನಂಗೂ ಮಾಡ್ಕೊಡಿ, ದುಡ್ಡು ಕೊಡ್ತೀವಿ ಅಂತ ಕೇಳೋರಿದ್ದಾರೆ, ಮಾರಲ್ಲ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್ಐ ಮಾರ್ಕ್ ಕಡ್ಡಾಯ, ಐಎಸ್ 9873 ಅನ್ನೋ ಆಟಿಕೆ ಸುರಕ್ಷತೆ ಮಾನದಂಡದ ಪ್ರಕಾರ ಟೆಸ್ಟ್ ಆಗ್ಬೇಕು. ನೋಂದಾಯಿತ ಕರಕುಶಲಕರ್ಮಿಗಳಿಗೆ, ಜಿಐ ಟ್ಯಾಗ್ (ಇಂಥ ಊರಿನದೇ ಅನ್ನೋ ಸರ್ಕಾರಿ ಗುರುತು) ಇರೋ ಚನ್ನಪಟ್ಟಣದಂಥ ಆಟಿಕೆಯ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ, ನಾನು ಎರಡೂ ಅಲ್ಲ. ಮಾಡ್ಕೊಳೋರು ನೀವೇ ಮಾಡ್ಕೊಳಿ, ಅಳತೆ ಎಲ್ಲಾ ಮೇಲೇ ಕೊಟ್ಟಿದೀನಿ.

ಸವೆಯೋದು ದಾರ ಒಂದೇ, ಅದೂ ಹೊರಗೆ ಬರೋ ಬಾಯಿ ಹತ್ರ. ಅಲ್ಲಿ ಹಿತ್ತಾಳೆ ಐಲೆಟ್ ಹಾಕಿ ಅಂಚು ನುಣ್ಣಗೆ ಮಾಡಿ. ದಾರ ಬದಲಾಯಿಸುವಾಗ ತುದಿ ಲೈಟರಲ್ಲಿ ಸುಟ್ಟು ಗಂಟು ಹಾಕಿ, ಸ್ಪ್ರಿಂಗಿಗೆ ಎರಡು ಸುತ್ತು ಮುಂಚೇನೇ ಬಿಗಿ ಕೊಟ್ಟು ಆಮೇಲೆ ಮುಚ್ಚಳ ಮುಚ್ಚಿ, ಇಲ್ಲಾಂದ್ರೆ ಕೊನೇ ಗೇಣು ದಾರ ಒಳಗೆ ಹೋಗದೆ ಹೊರಗೇ ಜೋತಾಡುತ್ತೆ.