ಟೊಯೋಟ ಪಿಕಪ್‌ನ ಮುಂದಿನ ಆಕ್ಸಲ್ ಶಾಫ್ಟ್ ಬದಲಿಸಿದ ಅನುಭವ

ನನ್ನದು 1985ರ ಟೊಯೋಟ ಪಿಕಪ್. ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರವನ್ನು ಕೂಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಟೊಯೋಟ ಪಿಕಪ್ ಅಮೆರಿಕದಲ್ಲಿ ಸಿಕ್ಕಿದ್ದು 1979ರಿಂದ 85ರವರೆಗೆ ಮಾತ್ರ. 86ರಲ್ಲಿ ಒಂದೊಂದು ಚಕ್ರವೂ ಬೇರೆಬೇರೆಯಾಗಿ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಕ್ಯಾಲಿಫೋರ್ನಿಯಾದ ಕಲ್ಲುದಾರಿಯಲ್ಲಿ ಗಾಡಿ ಹತ್ತಿಸುವವರು ಇವತ್ತಿಗೂ ಈ ಹಳೇ ಮಾಡೆಲ್ಲನ್ನೇ ಹುಡುಕುವುದು ಅದಕ್ಕೇ.

ಈ ಆಕ್ಸಲ್‌ನ ತುದಿಯಲ್ಲಿ, ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಶಾಫ್ಟ್‌ನ ಬಲವನ್ನು ಅದಕ್ಕೆ ದಾಟಿಸುವ ಬರ್ಫೀಲ್ಡ್ ಅನ್ನುವ ಜಾಯಿಂಟ್ ಇರುತ್ತದೆ. ಒಳಗೆ ಒಂದು ಸ್ಟಾರ್, ಹೊರಗೆ ಗಂಟೆ ಆಕಾರದ ಬೆಲ್, ನಡುವೆ ಕೇಜ್‌ನಲ್ಲಿ ಕೂತ ಆರು ಉಕ್ಕಿನ ಗುಂಡು. ಚಕ್ರ ನೇರವಾಗಿದ್ದಾಗ ಆರೂ ಗುಂಡು ಭಾರ ಹಂಚಿಕೊಳ್ಳುತ್ತವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಗುಂಡುಗಳು ಬೆಲ್‌ನ ಅಂಚಿನ ಹತ್ತಿರ ಬರುತ್ತವೆ. ಅಲ್ಲಿ ಲೋಹ ತೆಳ್ಳಗೆ. ಆಗ ಆಕ್ಸಿಲರೇಟರ್ ಒತ್ತಿದರೆ ಬೆಲ್ ಸೀಳುತ್ತದೆ. ಕಂಪನಿಯವರು ಇದನ್ನು ಮಾಡಿದ್ದು ಸಣ್ಣ ಟೈರ್‌ಗೆ. ನನ್ನ ಗಾಡಿಯಲ್ಲಿ 35 ಇಂಚಿನ ಟೈರ್, ಮುಂದೆ ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುವ ಲಾಕರ್, ಜೊತೆಗೆ ಎಂಜಿನ್ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡು. ಒಂದೊಂದರ ಲೋ ಗೇರ್ 2.28, ಎರಡನ್ನೂ ಗುಣಿಸಿದರೆ 5.2 ಪಟ್ಟು. ಅಷ್ಟು ಎಳೆತ ಬಿದ್ದರೆ ಏನಾದರೂ ಒಂದು ಮುರಿಯಲೇಬೇಕು, ಅಲ್ವಾ?

ಮುರಿದಿದ್ದು ಕ್ಯಾಲಿಫೋರ್ನಿಯಾದ ರೂಬಿಕಾನ್ ಟ್ರೈಲ್ ಅನ್ನುವ ಕಲ್ಲುದಾರಿಯಲ್ಲಿ, ಗ್ರಾನೈಟ್ ಮೆಟ್ಟಿಲಿನ ಮೇಲೆ, ಎಡಗಡೆಯದು. ಅದಕ್ಕೂ ಮುಂಚೆ ಫೋರ್‌ವೀಲ್‌ನಲ್ಲಿ ತಿರುವು ತೆಗೆದುಕೊಂಡಾಗ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಜಾಯಿಂಟ್ ಸವೆದಿದೆ ಅನ್ನುವುದಕ್ಕೆ ಅದೇ ಗುರುತು.

ಮತ್ತೆ ಹಳೇ ತರಹದ್ದೇ ಹಾಕುವುದು ಬೇಡ, ಕ್ರೋಮೋಲಿ ಹಾಕೋಣ ಅಂತ ತೀರ್ಮಾನಿಸಿದೆ. 4340 ಅನ್ನುವ ಮಿಶ್ರ ಉಕ್ಕು ಅದು, ಹೀಟ್ ಟ್ರೀಟ್ ಮಾಡಿರುತ್ತಾರೆ. ಆದರೆ ಅದರಲ್ಲೂ ಎರಡು ಬಗೆ. ಕಂಪನಿಯ ಒಳ ಶಾಫ್ಟ್‌ಗೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆ) ಕಡೆ 30 ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲು), ಜಾಯಿಂಟ್ ಕಡೆ 27. ಬರೀ 27 ಸ್ಪ್ಲೈನ್‌ನ ಗಟ್ಟಿ ಬರ್ಫೀಲ್ಡ್ ತಂದು ಹಳೇ ಶಾಫ್ಟ್‌ಗೇ ಸಿಕ್ಕಿಸಬಹುದು, ದುಡ್ಡು ಉಳಿಯುತ್ತದೆ. ಆದರೆ ಮುಂದಿನ ಸಲ ಶಾಫ್ಟ್ ಆ ತೆಳ್ಳಗಿನ ತುದಿಯಲ್ಲೇ ತಿರುಚಿಕೊಳ್ಳುತ್ತದೆ. ನಾನು ಎರಡೂ ತುದಿ 30 ಇರುವ ಪೂರ್ತಿ ಸೆಟ್ ತರಿಸಿದೆ. ಡಿಫರೆನ್ಷಿಯಲ್ ಕಡೆ ಮೊದಲೇ 30 ಇದ್ದದ್ದರಿಂದ ಲಾಕರ್ ಬಿಚ್ಚುವ ಕೆಲಸವೇ ಬರಲಿಲ್ಲ.

ಬಿಚ್ಚುವಾಗ ಮೊದಲ ತಲೆನೋವು ಹಬ್‌ನ ಶಂಕು ಆಕಾರದ ಕೋನ್ ವಾಷರ್‌ಗಳು. ನಟ್ ತೆಗೆದ ಮೇಲೂ ಅವು ಸ್ಟಡ್‌ಗೆ (ತಲೆಯಿಲ್ಲದ ಬೋಲ್ಟ್‌ಗೆ) ಕಚ್ಚಿಕೊಂಡೇ ಇರುತ್ತವೆ. ಮೀಟಿ ತೆಗೆಯಲು ಹೋಗಬೇಡಿ. ಸ್ಟಡ್‌ನ ತುದಿಗೆ ಹಿತ್ತಾಳೆಯ ಸರಳಿಟ್ಟು ಹೊಡೆದರೆ ಅವೇ ಚಿಮ್ಮಿ ಬರುತ್ತವೆ. ಬೇರಿಂಗ್ ನಟ್‌ಗೆ 54 ಮಿಲಿಮೀಟರ್ ಸಾಕೆಟ್ ಬೇಕು. ಉಳಿ, ಸುತ್ತಿಗೆ ಇಟ್ಟು ತೆಗೆಯುವವರೂ ಇದ್ದಾರೆ, ಆ ನಟ್‌ಗಳನ್ನು ನೋಡಿದರೆ ಪಾಪ ಅನಿಸುತ್ತದೆ. ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ, ಹೋಸ್ ಮೇಲೆ ಭಾರ ಬಿಡಬೇಡಿ. ಹಬ್ ಕೂರುವ ಸ್ಪಿಂಡಲ್ ತೆಗೆದ ಮೇಲೆ ಬರ್ಫೀಲ್ಡನ್ನು ಸುಮ್ನೆ ಎಳೆದರೆ ಬರುವುದಿಲ್ಲ. ಬೆಲ್ ಮೇಲೆ ಒಂದು ಚಪ್ಪಟೆ ಭಾಗ ಇದೆ. ಅದು ಮೇಲೆ ಬರುವ ಹಾಗೆ ತಿರುಗಿಸಿ ಎಳೆಯಬೇಕು.

ನಕಲ್ (knuckle) ಅಂದರೆ ಬರ್ಫೀಲ್ಡ್ ಕೂತಿರುವ, ಸ್ಟಿಯರಿಂಗ್ ಜೊತೆ ತಿರುಗುವ ಆಕ್ಸಲ್ ತುದಿಯ ಪೆಟ್ಟಿಗೆ. ಅದರ ಒಳಗಿದ್ದದ್ದು ಗ್ರೀಸ್ ಅಲ್ಲ, ರಾಗಿ ಅಂಬಲಿಯ ಹಾಗೆ ನೀರಾದ ಏನೋ ಒಂದು. ಆಕ್ಸಲ್ ಕೊಳವೆಯ ತುದಿಯ ಆಯಿಲ್ ಸೀಲ್ ಹೋದರೆ ಹೀಗೇ ಆಗುವುದು. ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಹೊರಬಂದು ಗ್ರೀಸನ್ನು ತೊಳೆದುಬಿಡುತ್ತದೆ. ಅಂಥ ಗ್ರೀಸ್‌ನಲ್ಲಿ ಎಷ್ಟು ಗಟ್ಟಿ ಜಾಯಿಂಟ್ ಇದ್ದರೂ ಸವೆಯುತ್ತದೆ. ಜನ ಶಾಫ್ಟ್‌ಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ಸೀಲ್‌ಗೆ ಖರ್ಚು ಮಾಡುವುದಿಲ್ಲ, ನನಗೆ ಅದೇ ಆಶ್ಚರ್ಯ. ನಾನು ಆಯಿಲ್ ಸೀಲ್, ನಕಲ್ ಹಿಂದಿನ ರಬ್ಬರ್ ಮತ್ತು ಫೆಲ್ಟ್ ಸೀಲ್, ಮೇಲೆ ಕೆಳಗಿನ ನಕಲ್ ಬೇರಿಂಗ್, ಚಕ್ರದ ಬೇರಿಂಗ್ ಎಲ್ಲ ಹೊಸದು ಹಾಕಿದೆ. ಸಮಯ ಜಾಸ್ತಿ ತಿಂದದ್ದು ಮಾತ್ರ ತೊಳೆಯುವ ಕೆಲಸ. ಸೀಮೆಎಣ್ಣೆ, ಹಳೇ ಬಟ್ಟೆ, ಬ್ರಷ್. ಬೇರೆ ದಾರಿಯಿಲ್ಲ.

ಹೊಸ ಶಾಫ್ಟ್ ಒಳಗೆ ಬಿಡುವಾಗ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು. ಈ ಗಾಡಿಯಲ್ಲಿ ಡಿಫರೆನ್ಷಿಯಲ್ ಬಲಗಡೆಗೆ ಸರಿದಿದೆ. ಹಾಗಾಗಿ ಎಡಗಡೆಯ ಶಾಫ್ಟ್ ಉದ್ದ, ಭಾರ. ಅದರ ತೂಕ ಸೀಲ್ ತುಟಿಯ ಮೇಲೆ ಬಿದ್ದರೆ ಹೊಸ ಸೀಲ್ ಅಲ್ಲೇ ಹರಿಯುತ್ತದೆ. ಹಾಸನದ ಕಡೆಯ ನನ್ನ ಗೆಳೆಯ ಟಾರ್ಚ್ ಹಿಡಿದು ಕೂತಿದ್ದ. "ಎತ್ತಿ ಹಿಡಿ ಮಾರಾಯ, ಸ್ಪ್ಲೈನ್ ಸಿಗೋವರೆಗೂ ಇಳಿಸಬೇಡ" ಅಂತ ಒಂದೇ ರಾಗ. ಹೊರಗಿನಿಂದ ಮೆಲ್ಲಗೆ ತಿರುಗಿಸುತ್ತಾ ಇದ್ದರೆ ಸ್ಪ್ಲೈನ್ ಕೂತದ್ದು ಕೈಗೇ ಗೊತ್ತಾಗುತ್ತದೆ.

ಗ್ರೀಸ್ ಮೋಲಿ (ಮಾಲಿಬ್ಡಿನಮ್) ಬೆರೆತದ್ದೇ ಆಗಬೇಕು. ಜಾಯಿಂಟ್ ಒಳಗೆ ಪೂರ್ತಿ ತುಂಬಿ, ನಕಲ್ ಒಳಗೆ ಮುಕ್ಕಾಲು ಭಾಗ.

ಬೇರಿಂಗ್ ಬಿಗಿಯನ್ನು ಅಂದಾಜಿಗೆ ಬಿಡಬೇಡಿ. ನಕಲ್ ಕೂಡಿಸಿದ ಮೇಲೆ ಸ್ಟಿಯರಿಂಗ್ ಆರ್ಮ್ ತುದಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. 3ರಿಂದ 6 ಕೆಜಿ ಒಳಗೆ ನಕಲ್ ತಿರುಗಬೇಕು. ಹೆಚ್ಚು ಕಮ್ಮಿ ಆದರೆ ಶಿಮ್ (ಸಂದಿಗೆ ಇಡುವ ತೆಳು ತಗಡು) ಬದಲಿಸಿ. ಚಕ್ರದ ಬೇರಿಂಗ್ ನಟ್ಟನ್ನು ಮೊದಲು 43 ಅಡಿ-ಪೌಂಡ್‌ಗೆ ಬಿಗಿದು, ಹಬ್ಬನ್ನು ಎರಡೂ ಕಡೆ ತಿರುಗಿಸಿ, ಸಡಿಲಿಸಿ, ಮತ್ತೆ ಹಗುರಕ್ಕೆ ಬಿಗಿಯಬೇಕು. ಬೇರಿಂಗ್ ಸರಿಯಾಗಿ ಕೂರಲಿ ಅಂತ ಈ ಕಸರತ್ತು.

ಕೊನೆಗೆ, ಚಕ್ರ ಎಷ್ಟು ತಿರುಗಬಹುದು ಅಂತ ತಡೆಯುವ ಸ್ಟಿಯರಿಂಗ್ ಸ್ಟಾಪ್ ಬೋಲ್ಟ್. ಚಕ್ರ ಎತ್ತಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಕೈಯಲ್ಲಿ ಚಕ್ರ ಸುತ್ತಿ ನೋಡಿ. ಎಲ್ಲಾದರೂ ಹಿಡಿದ ಹಾಗಾದರೆ ಬೋಲ್ಟ್ ಸ್ವಲ್ಪ ಹೊರಗೆ ತಿರುಗಿಸಬೇಕು. ಕ್ರೋಮೋಲಿ ಆದರೂ ಜಾಯಿಂಟ್ ತನ್ನ ಮಿತಿ ದಾಟಿ ಬಾಗುವುದಿಲ್ಲ.

ಮೊದಲ ಓಟಕ್ಕೆ ಹತ್ತಿರದ ಹಾಲಿಸ್ಟರ್ ಹಿಲ್ಸ್ ಅನ್ನುವ ಆಫ್‌ರೋಡ್ ಪಾರ್ಕ್‌ಗೆ ಹೋದೆ. ವಾಪಸ್ ಬಂದು ಸ್ಟಿಯರಿಂಗ್ ಆರ್ಮ್‌ನ ನಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿದರೆ ಕೆಲವು ಇನ್ನೂ ಕಾಲು ಸುತ್ತು ಹೋದವು. ಅಲ್ಲೂ ಇರುವ ಕೋನ್ ವಾಷರ್ ಪೂರ್ತಿ ಕೂರುವುದೇ ಸ್ವಲ್ಪ ಓಡಿದ ಮೇಲೆ. ಇದನ್ನು ಮರೆತರೆ ಸ್ಟಡ್ ತುಂಡಾಗುತ್ತದೆ.

ಶಾಫ್ಟ್ ಗಟ್ಟಿಯಾಯಿತು ಅಂದರೆ ಇನ್ನು ಬಲ ಹೋಗಿ ಬೀಳುವುದು ಶಾಫ್ಟನ್ನು ಚಕ್ರಕ್ಕೆ ಕೂಡಿಸುವ ಲಾಕಿಂಗ್ ಹಬ್ ಮೇಲೆ ಅಥವಾ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಗೇರ್ ಮೇಲೆ. ಹಬ್ ಮುರಿದರೆ ದಾರಿಯಲ್ಲೇ ಬದಲಿಸಬಹುದು. ಅದಕ್ಕೇ ಒಂದು ಹಳೇ ಹಬ್ ಗಾಡಿಯಲ್ಲೇ ಇಟ್ಟಿದ್ದೇನೆ. ಮುರಿಯದೆ ಉಳಿದ ಬಲಗಡೆಯ ಹಳೇ ಬರ್ಫೀಲ್ಡನ್ನು ಎಡಗಡೆಯ ಹಳೇ ಉದ್ದ ಶಾಫ್ಟ್‌ಗೆ ಕೂಡಿಸಿ, ಸೀಟಿನ ಹಿಂದೆ ಕಟ್ಟಿದ್ದೇನೆ. ಡಿಫರೆನ್ಷಿಯಲ್ ಕಡೆ ಅದೇ 30 ಸ್ಪ್ಲೈನ್ ತಾನೇ, ಎಡಗಡೆ ಏನೇ ಆದರೂ ಅದನ್ನು ಹಾಕಿಕೊಂಡು ಮನೆಗೆ ಬರಬಹುದು. ಬಲಗಡೆಗೆ ಬೇಕಾದರೆ ಆ ಚಿಕ್ಕ ಶಾಫ್ಟೂ ಪೆಟ್ಟಿಗೆಯಲ್ಲಿದೆ.